ಬೇಡ ಎನ್ನುವಂತಿಲ್ಲ

"ಇವತ್ತೂ ಗೆಲ್ಲಿಸಿ ಕಳಿಸ್ಬಿಡು ಕಣೋ," ಎಂದು ಹೆಂಡತಿ ಫೋನಿನಲ್ಲಿ ತನ್ನ ತಮ್ಮನಿಗೆ ಹೇಳುತ್ತಿದ್ದಳು. "ಸೋತು ಬಂದ್ರೆ ನಿಮ್ಮ ತಲೆ ತಿಂದು ಮಿಕ್ಕಿದ್ದನ್ನ ನನಗೆ ಬಡಿಸ್ತಾರೆ. ಒಂದು ವರ್ಷದಿಂದ ಹೇಗೋ ನಡ್ಕೊಂಡು ಬಂದಿದೆಯಲ್ಲ, ಹಾಗೇ ನಡೀಲಿ." ಬಚ್ಚಲಿನ ಕನ್ನಡಿಯ ಮುಂದೆ ಒಂದು ಕೆನ್ನೆ ಹೆರೆದು ಇನ್ನೊಂದಕ್ಕೆ ಬ್ಲೇಡು ಹಚ್ಚಿದ್ದ ಅವನ ಕೈ ಅಲ್ಲೇ ನಿಂತಿತು. ಬೇರೆ ಯಾರದೋ ಮಾತಿರಬಹುದು ಎಂದುಕೊಳ್ಳಲು ನೋಡಿದ. ಆದರೆ ಶನಿವಾರ ಮಧ್ಯಾಹ್ನ ಆಟಕ್ಕೆ ಹೋಗುವವನು ಈ ಮನೆಯಲ್ಲಿ ಅವನೊಬ್ಬನೇ, ಸೋತರೆ ತಲೆ ತಿನ್ನುವವನೂ ಅವನೊಬ್ಬನೇ. ಕನ್ನಡಿಯಲ್ಲಿ ಅರ್ಧ ನೊರೆಯ ಮುಖ ಅವನನ್ನು ನೋಡುತ್ತಿತ್ತು. ಹೊರಗೆ ಹೆಂಡತಿ ನಗುತ್ತಿದ್ದಳು. ಆ ನಗೆಯಲ್ಲಿ ವಿಷವಿದ್ದಿದ್ದರೆ ಅವನಿಗೆ ಒಂದು ಆಧಾರವಾದರೂ ಸಿಗುತ್ತಿತ್ತು. ಮಗು ಬಿದ್ದೀತು ಎಂದು ಮೆಟ್ಟಿಲ ಬಾಗಿಲು ಹಾಕಿಡುವವರ ನಗೆ ಅದು. ಅವನು ಹೊರಬಂದಾಗ "ಗದ್ದದ ಕೆಳಗೆ ಬಿಟ್ಟಿದ್ದೀರ ನೋಡ್ರಿ," ಎಂದಳು. ಅವನು ಮುಟ್ಟಿ ನೋಡಿಕೊಂಡು "ಇರಲಿ ಬಿಡು," ಎಂದ. ಮತ್ತೆ ಆ ಕನ್ನಡಿಯ ಮುಂದೆ ನಿಲ್ಲುವುದು ಅವನಿಂದಾಗುತ್ತಿರಲಿಲ್ಲ.

ಅವನ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ಊರಿನ ಹಲ್ಲಿನ ಡಾಕ್ಟರುಗಳು ಕಳಿಸುವ ಮೇಣದ ಅಚ್ಚುಗಳನ್ನು ನೋಡಿ, ಯಾರೋ ಕಾಣದ ಮುದುಕ ಎಡಕ್ಕೆ ಅಗಿಯುತ್ತಾನೆ, ಯಾರೋ ಕಾಣದ ಹೆಂಗಸು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ ಎಂದು ತಿಳಿದು, ಒಂದೊಂದೇ ಹಲ್ಲನ್ನು ಕೂರಿಸುತ್ತಿದ್ದ ಕಾಲವೊಂದಿತ್ತು. ಈಗ ಮೂಲೆಯ ಯಂತ್ರವೇ ಎಲ್ಲವನ್ನೂ ಕಡೆದು ಕೊಡುತ್ತದೆ. ಅವನಿಗೆ ಉಳಿದಿರುವುದು ಉಜ್ಜಿ ಹೊಳಪು ಕೊಡುವ ಕೆಲಸ. ಶನಿವಾರ ಅರ್ಧ ದಿನ. ಇವತ್ತು ಒಂದು ಕೆಳದವಡೆಯ ಸೆಟ್ಟನ್ನು ಕೈಯಲ್ಲಿ ಹಿಡಿದು ಅವನು ಕಿಟಕಿ ನೋಡುತ್ತ ಕುಳಿತಿದ್ದಾಗ ಮಾಲೀಕ ಹಿಂದೆ ಬಂದು ನಿಂತಿದ್ದೇ ಗೊತ್ತಾಗಲಿಲ್ಲ. "ಯೋಚನೆ ಮಾಡೋಕೆ ಅದರಲ್ಲಿ ಏನಿದೆ ಸಾರ್? ಉಜ್ಜಿ ಕೊಡಿ ಸಾಕು," ಎಂದ. ಮಾಲೀಕ ವಯಸ್ಸಿನಲ್ಲಿ ಚಿಕ್ಕವನು, ಮರ್ಯಾದೆಯಿಂದಲೇ ಹೇಳಿದ್ದ. ಪಕ್ಕದ ಮೇಜಿನವಳು ತಲೆ ತಗ್ಗಿಸಿ ನಕ್ಕಳು, ಅಥವಾ ನಗಲಿಲ್ಲ. ಇವತ್ತು ಅವನಿಗೆ ಲೋಕದ ನಗೆಗಳೆಲ್ಲ ತನ್ನ ಮೇಲೇ ಇದ್ದಂತೆ ಕಾಣುತ್ತಿತ್ತು.

ಯೋಚನೆ ಮಾಡೋಕೆ ಏನಿದೆ. ಹೆಂಡತಿಯೂ ಅದನ್ನೇ ಕೇಳುತ್ತಿದ್ದಳು: "ಆಟ ಅಂದ್ರೆ ಆಟ ರೀ. ಆಡಿ ಬನ್ನಿ, ಯಾರು ಬೇಡ ಅಂದ್ರು? ಆಡಿ ಬಂದ ಮೇಲೂ ಅದನ್ನೇ ಕೂತು ಅರೀಬೇಕಾ?" ಅವಳಿಗೆ ಹೇಗೆ ಹೇಳುವುದು? ದೇವರ ಬಗ್ಗೆ ಯೋಚಿಸುವವನಿಗೆ ಜನ ಕೈ ಮುಗಿಯುತ್ತಾರೆ, ದೇಶದ ಬಗ್ಗೆ ಯೋಚಿಸುವವನಿಗೆ ಕುರ್ಚಿ ಕೊಡುತ್ತಾರೆ. ಆಟದ ಬಗ್ಗೆ ಯೋಚಿಸಿದವನಿಗೆ ಮಾತ್ರ ತಲೆ ಕೆಟ್ಟಿದೆ ಎನ್ನುತ್ತಾರೆ. ಆದರೆ ಎಷ್ಟು ಅಗೆದರೂ ಮುಗಿಯದ್ದು ಅವನಿಗೆ ಸಿಕ್ಕಿದ್ದು ಆ ದ್ವೀಪಗಳ ಆಟದಲ್ಲೇ. ಒಂದು ದೊಡ್ಡ ಹಲಗೆ, ಅದರ ಮೇಲೆ ಬಣ್ಣಬಣ್ಣದ ದ್ವೀಪಗಳು, ಅವುಗಳ ನಡುವೆ ಹಾಕಲು ಮರದ ಪುಟ್ಟ ಸೇತುವೆಗಳು. ಹಸಿರು ದ್ವೀಪಕ್ಕೆ ಹಸಿರು ಸೇತುವೆ, ಕಂದು ದ್ವೀಪಕ್ಕೆ ಕಂದು. ಮೊದಲು ಏಳು ದ್ವೀಪಗಳನ್ನು ಜೋಡಿಸಿದವನು ಗೆದ್ದ. ಇಷ್ಟೇ. ಆದರೆ ನಿನ್ನ ಸರದಿ ಬಂದಾಗ ಚೀಲದಿಂದ ತೆಗೆದ ಸೇತುವೆಯನ್ನು ನೀನು ಹಾಕಬಹುದು, ಕೂಡಿಡಬಹುದು, ಇಲ್ಲವೇ ಇನ್ನೊಬ್ಬರಿಗೆ ಕೊಡಬಹುದು. ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ತೆಗೆದುಕೊಂಡವನು ಅದನ್ನು ಅಲ್ಲೇ ಆಗಲೇ ಹಾಕಬೇಕು. ಈ ನಿಯಮವನ್ನು ಉಳಿದವರು ಮೊದಲಿಗೆ ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವನೇ ಜಗಳವಾಡಿ ಜಾರಿಗೆ ತಂದ. ಕೊಡುವುದೂ ಒಂದು ಏಟು ಎಂದು ಅವನಿಗೆ ಹೊಳೆದ ದಿನ ಬಸ್ಸಿನಲ್ಲಿ ತನ್ನ ನಿಲ್ದಾಣ ದಾಟಿ ಹೋಗಿದ್ದ. ಆಮೇಲೆ ಅವನು ಕಂಡುಕೊಂಡದ್ದು "ಕಾಯುವ ಕೈ": ಆತುರಪಡದೆ ಕೂಡಿಡುತ್ತ ಹೋಗು, ಉಳಿದವರು ಒಬ್ಬರನ್ನೊಬ್ಬರು ತಡೆಯುತ್ತ ದಣಿಯಲಿ, ಕೊನೆಗೆ ದಾರಿ ತಾನಾಗಿ ನಿನ್ನ ಮುಂದೆ ತೆರೆಯುತ್ತದೆ. ಒಂದು ವರ್ಷದಿಂದ ಅದು ತೆರೆಯುತ್ತಲೇ ಬಂದಿತ್ತು. ಒಂದು ಸಲವೂ ತಪ್ಪಿರಲಿಲ್ಲ. ಯಾವ ದಡ್ಡನಿಗಾದರೂ ಅಲ್ಲೇ ಅನುಮಾನ ಬರಬೇಕಿತ್ತು. ಅವನು ಬುದ್ಧಿವಂತನಾದ್ದರಿಂದ ಅದನ್ನು ಸಿದ್ಧಾಂತ ಎಂದುಕೊಂಡ.

ಆಟ ಮುಗಿದ ಮೇಲೆ ಕಾಯಿ ಎತ್ತುವಂತಿಲ್ಲ ಎನ್ನುವುದೂ ಅವನೇ ಹಾಕಿದ ಪದ್ಧತಿ. ಸೋತ ದಿನ ಅವನು ಕೊನೆಯ ಸೇತುವೆಯಿಂದ ಹಿಂದಕ್ಕೆ ಒಂದೊಂದಾಗಿ ಬಿಚ್ಚುತ್ತ ಹೋಗುತ್ತಿದ್ದ. ಇಲ್ಲಿ ಔಷಧಿ ಅಂಗಡಿಯ ಮೇಡಂ ಹೆದರಿದರು, ಇಲ್ಲಿ ಭಾಮೈದ ಸಿಟ್ಟಿನಲ್ಲಿ ಹಾಕಿದ, ಇಲ್ಲಿ ನಾನು ಮೂರ್ಖನಾದೆ. ತನ್ನನ್ನೂ ಅವನು ಬಿಡುತ್ತಿರಲಿಲ್ಲವಲ್ಲ, ಅದು ನ್ಯಾಯವೇ ಅಲ್ಲವೇ? ಗೆದ್ದ ದಿನ ಮಾತ್ರ "ನೋಡಿದ್ರಲ್ಲ, ಕಾಯೋ ಕೈ," ಎಂದಷ್ಟೇ ಹೇಳಿ ಏಳುತ್ತಿದ್ದ, ಗೆದ್ದವನು ಹೆಚ್ಚು ಮಾತಾಡಬಾರದು ಎಂಬ ಸಭ್ಯತೆಯಿಂದ. ಆ ಸಭ್ಯತೆಯೇ ತನ್ನ ಕುತ್ತಿಗೆಗೆ ಬಂತು ಎಂದು ಈಗ ತಿಳಿಯಿತು. ಸೋತರೆ ಅವನ ಮಾತು ಕತ್ತಲಾಗುವವರೆಗೆ. ಗೆದ್ದರೆ ಒಂದು ವಾಕ್ಯ. ಅವರು ಸುಲಭದ್ದನ್ನು ಆರಿಸಿಕೊಂಡಿದ್ದರು. ತಾನಾಗಿದ್ದರೂ ಅದನ್ನೇ ಆರಿಸುತ್ತಿದ್ದೆ ಎಂಬುದು ನೆನಪಾಗಿ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಚಿಕ್ಕಂದಿನಲ್ಲಿ ಅಕ್ಕನೂ ಅವಳ ಗೆಳತಿಯರೂ ಅಂಗಳದಲ್ಲಿ ಮುಟ್ಟಾಟ ಆಡುವಾಗ ಅವನನ್ನೂ ಸೇರಿಸಿಕೊಳ್ಳುತ್ತಿದ್ದರು. "ಇವನು ಆಟಕ್ಕುಂಟು ಲೆಕ್ಕಕ್ಕಿಲ್ಲ," ಎಂದು ಅಕ್ಕ ಮೊದಲೇ ಕೂಗಿ ಹೇಳುತ್ತಿದ್ದಳು. ಆ ಮಾತಿನ ಅರ್ಥ ಅವನಿಗೆ ತಿಳಿಯುತ್ತಿರಲಿಲ್ಲ, ಅದೊಂದು ಬಿರುದು ಎಂದುಕೊಂಡಿದ್ದ. ಜೀವ ಬಿಟ್ಟು ಓಡುತ್ತಿದ್ದ. ಯಾರೂ ತನ್ನನ್ನು ಮುಟ್ಟಲಾರರು ಎಂದು ಬೀಗುತ್ತಿದ್ದ. ಒಂದು ದಿನ ಓಡಿ ಓಡಿ ಉಸಿರು ಕಟ್ಟಿ ತಿರುಗಿ ನೋಡಿದರೆ ಹುಡುಗಿಯರೆಲ್ಲ ಒಳಗೆ ಹೋಗಿ ಆಗಲೇ ಎಷ್ಟೋ ಹೊತ್ತಾಗಿತ್ತು. ಕೈಯಲ್ಲಿದ್ದ ಸೆಟ್ಟು ಮೇಜಿನ ಮೇಲೆ ಬಿತ್ತು. ಒಡೆಯಲಿಲ್ಲ. ಯಂತ್ರ ಮಾಡಿದ್ದು ಒಡೆಯುವುದಿಲ್ಲ.

ಹೋಗಬಾರದು ಎಂದುಕೊಂಡೇ ಔಷಧಿ ಅಂಗಡಿಯ ಬೀದಿಗೆ ತಿರುಗಿದ. ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ, ಸಂಜೆ ಮತ್ತೆ ತೆರೆಯುವವರೆಗೆ ಹಿಂದಿನ ಕೋಣೆಯಲ್ಲಿ ಆಟ. ಸುತ್ತ ಔಷಧಿಯ ರಟ್ಟಿನ ಪೆಟ್ಟಿಗೆಗಳು, ನಡುವೆ ಒಂದು ಮೇಜು, ನಾಲ್ಕು ಬಗೆಯ ನಾಲ್ಕು ಕುರ್ಚಿ. ಅಂಗಡಿಯ ಮೇಡಂ ಹಲಗೆ ಬಿಚ್ಚಿ ಹರಡುತ್ತಿದ್ದರು. ಲಾಂಡ್ರಿ ನಡೆಸುವ ಭಾಮೈದ ಕಾಲ ಮೇಲೆ ಕಾಲು ಹಾಕಿ "ಬನ್ನಿ ಭಾವ, ನಿಮ್ಮ ಕೈಯಲ್ಲಿ ಒದೆ ತಿನ್ನೋಕೆ ಕಾಯ್ತಾ ಇದ್ದೀವಿ," ಎಂದ. ಪ್ರತಿ ವಾರವೂ ಹೀಗೇ ಏನೋ ಅನ್ನುತ್ತಿದ್ದ, ಇವನೂ ನಗುತ್ತಿದ್ದ. ಇವತ್ತು ಆ ಮುಖವನ್ನೇ ದಿಟ್ಟಿಸಿದ. ಕಳ್ಳತನದ ಸುಳಿವೇ ಇರಲಿಲ್ಲ. ಹೆಂಡತಿಯ ಮುಖದಲ್ಲಿದ್ದ ಅದೇ ಒಳ್ಳೆಯತನ, ಅದೇ ಮೂಗು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಡ್ರಾಯಿಂಗ್ ಮೇಷ್ಟ್ರು ಕುಳಿತಿದ್ದರು. ಶಾಲೆಯಿಂದ ನಿವೃತ್ತರಾಗಿ ಬಹಳ ಕಾಲವಾಗಿತ್ತು, ಆದರೂ ಅಂಗಿಯ ಜೇಬಿನಲ್ಲಿ ಪೆನ್ಸಿಲ್ ಇರುತ್ತಿತ್ತು. ಇವರೂ ಸೇರಿದ್ದಾರೆಯೇ? ಅವನು ಕೇಳಲಾರ, ಕೇಳದೆ ಇರಲಾರ.

ಇವತ್ತು ಸೋಲಬೇಕು. ಅಂಗಡಿಯ ಬಾಗಿಲು ದಾಟುವಾಗ ಅವನಿಗೆ ಹೊಳೆದದ್ದು ಅದೊಂದೇ. ಸೋಲಲು ಹೋದರೆ ಅವರು ಏನು ಮಾಡುತ್ತಾರೋ ನೋಡಬೇಕು. ತಾನು ಕೇಳಿಸಿಕೊಂಡದ್ದು ನಿಜವೋ ಎಂದು ಹಲಗೆಯೇ ಹೇಳಲಿ. ಹಲಗೆ ಸುಳ್ಳು ಹೇಳುವುದಿಲ್ಲ ಎಂದು ಅವನು ಎಷ್ಟು ಸಲ ಇವರಿಗೆಲ್ಲ ಬೋಧಿಸಿದ್ದ! ಮೊದಲ ಕೆಲವು ಸುತ್ತು ಸುಮ್ಮನೆ ಕುಳಿತ. ಕಾಯುವ ಕೈ ಎಂದುಕೊಂಡು ಭಾಮೈದ ಒಪ್ಪಿಗೆಯಿಂದ ತಲೆಯಾಡಿಸಿದ. ಆಮೇಲೆ ಶುರುವಾಯಿತು. ಭಾಮೈದ ಚೀಲದಿಂದ ಒಂದು ಹಳದಿ ಸೇತುವೆ ತೆಗೆದು, ನೆತ್ತಿ ಕೆರೆದುಕೊಂಡು, ಬಹಳ ಕಷ್ಟದ ತೀರ್ಮಾನ ಮಾಡಿದವನ ಹಾಗೆ "ತಗೊಳ್ಳಿ ಭಾವ, ನಿಮಗೇ ಇರಲಿ, ಇದನ್ನ ಹಾಕಿ ನಿಮ್ಮ ದಾರಿ ನೀವೇ ಕೆಡಿಸ್ಕೊಳ್ಳಿ," ಎಂದ. ನಿಜವಾಗಿ ಆ ಸೇತುವೆ ಇವನ ದಾರಿಯನ್ನು ತೆರೆಯುತ್ತಿತ್ತು. ಮರುಸುತ್ತಿನಲ್ಲಿ ಮೇಡಂ ಕೊಟ್ಟರು. ಮತ್ತೆ ಭಾಮೈದ. ಎಷ್ಟು ಅಚ್ಚುಕಟ್ಟು, ಎಷ್ಟು ಕಲಿತ ನಟನೆ! ಕೊಡುವ ಮೊದಲು ಮೇಡಂ ತುಟಿ ಕಚ್ಚುತ್ತಿದ್ದರು. ಆ ತುಟಿ ಕಚ್ಚುವಿಕೆಯ ಮೇಲೆ ಅವನು ಒಮ್ಮೆ ಆಟದ ನಡುವೆಯೇ ಒಂದು ಪ್ರವಚನ ಕೊಟ್ಟಿದ್ದ: "ಮೇಡಂ, ನಿಮ್ಮ ಸಮಸ್ಯೆ ಆಟದಲ್ಲಿಲ್ಲ, ನಿಮಗೆ ಇನ್ನೊಬ್ಬರ ಕೋಪದ ಭಯ. ಅದಕ್ಕೇ ಕೊಟ್ಟುಬಿಡ್ತೀರ." ಅವರು ಆವತ್ತು ಬಹಳ ಗಂಭೀರವಾಗಿ "ಇರಬಹುದು," ಎಂದಿದ್ದರು. ಎಷ್ಟು ತಾಳ್ಮೆ ಬೇಕಾಗಿತ್ತೋ ಪಾಪ, ನಗದೆ ಇರಲು.

ಬೇಡ ಎನ್ನುವಂತಿಲ್ಲ. ತಾನೇ ಜಗಳವಾಡಿ ತಂದ ನಿಯಮ ತನ್ನ ಗಂಟಲಿಗೇ ಗಾಳವಾಗಿತ್ತು. ಕೊಟ್ಟದ್ದನ್ನು ಹಾಕಲೇಬೇಕು, ಆದರೆ ಎಲ್ಲಿ ಹಾಕಬೇಕು ಎನ್ನುವುದು ಇನ್ನೂ ತನ್ನ ಕೈಯಲ್ಲಿದೆ. ಅವನು ತನ್ನ ಮೂರು ದ್ವೀಪಗಳ ನಡುವೆಯೇ ಸುತ್ತುಸುತ್ತಾಗಿ ಸೇತುವೆ ಕಟ್ಟತೊಡಗಿದ, ಹೊಸ ದ್ವೀಪ ಮುಟ್ಟದ ಹಾಗೆ. ಭಾಮೈದನ ಹುಬ್ಬು ಏರಿತು. ಆ ಸುತ್ತನ್ನು ಮುರಿಯುವಂಥ ಸೇತುವೆಗಳನ್ನೇ ಅವನು ಹುಡುಕಿ ಹುಡುಕಿ ಕೊಡತೊಡಗಿದ. ಇವನು ಅದನ್ನೂ ತಪ್ಪಿಸಿದ. ತನ್ನ ಸರದಿಗೆ ಬಂದ ಒಳ್ಳೆಯ ಸೇತುವೆಗಳನ್ನೆಲ್ಲ ಮೇಷ್ಟ್ರಿಗೆ ದಾಟಿಸಿದ, ಅವರೊಬ್ಬರೇ ಏನೂ ಕೊಡದೆ ಸುಮ್ಮನೆ ಆಡುತ್ತಿದ್ದರಲ್ಲ. ಹೀಗೆ ಇಬ್ಬರು ಅವನನ್ನು ಗೆಲುವಿನ ಕಡೆಗೆ ದಬ್ಬುತ್ತಿದ್ದರು, ಅವನು ಕಾಲೂರಿ ನಿಂತಿದ್ದ. ಒಂದು ಹೊತ್ತಿನಲ್ಲಿ ಅವನಿಗೆ ಏನಾಯಿತೋ, ಸಿಟ್ಟು ಮರೆತೇಹೋಯಿತು. ನಾಲ್ಕು ಸರದಿ ಮುಂದಕ್ಕೆ, ಐದು ಸರದಿ ಮುಂದಕ್ಕೆ ಅವನಿಗೆ ಕಾಣುತ್ತಿತ್ತು. ಮೇಡಂ ಇದನ್ನು ಕೊಟ್ಟರೆ ನಾನು ಅಲ್ಲಿ, ಭಾಮೈದ ಅದನ್ನು ಕೊಟ್ಟರೆ ಇಲ್ಲಿ. ಯಾವ ಪುಸ್ತಕದಲ್ಲೂ ಬರೆಯದ, ಯಾರೂ ಎಲ್ಲೂ ಆಡಿರದ ಆಟ ಅವನ ಬೆರಳ ತುದಿಯಲ್ಲಿತ್ತು. ಮೈ ಬೆಚ್ಚಗಾಯಿತು. ಇದಕ್ಕಾಗಿಯೇ ಅಲ್ಲವೇ ನಾನು ಇಷ್ಟು ವರ್ಷ ಯೋಚಿಸಿದ್ದು! ಆ ಸುಖದಲ್ಲಿ ಸುಳ್ಳಿರಲಿಲ್ಲ, ಅದನ್ನು ಯಾರೂ ಕೊಟ್ಟಿರಲಿಲ್ಲ. ಎದುರಿಗಿದ್ದವರಿಗೆ ಅದು ಕಾಣಲಿ ಎಂದು ಆಸೆಯಿಂದ ತಲೆಯೆತ್ತಿದ. ಭಾಮೈದ ಗಡಿಯಾರ ನೋಡುತ್ತಿದ್ದ.

ತಲೆಯೆತ್ತಿದ್ದರಿಂದಲೇ ಇನ್ನೊಂದೂ ಕಂಡಿತು. ಮೇಷ್ಟ್ರು ತಾವು ಕೂಡಿಟ್ಟ ಸೇತುವೆಗಳಲ್ಲಿ ಒಂದನ್ನು ಎತ್ತಿಕೊಂಡು ಹಲಗೆಯ ಮೇಲೆ ತೂಗಾಡಿಸುತ್ತಿದ್ದರು. ಮೇಡಂ ತಮ್ಮ ಕಾಯಿ ಸರಿಪಡಿಸುವವರ ಹಾಗೆ ಕೈ ಚಾಚಿ, ಕಿರುಬೆರಳಿನಿಂದ ಮೇಷ್ಟ್ರ ಮುಂದಿದ್ದ ಇನ್ನೊಂದು ಸೇತುವೆಯನ್ನು ಒಂದಿಷ್ಟು ಮುಂದಕ್ಕೆ ತಳ್ಳಿದರು. ಮೇಷ್ಟ್ರು ಕೈಯಲ್ಲಿದ್ದ ಕಂದು ಸೇತುವೆಯನ್ನು ಕೆಳಗಿಟ್ಟು ಆ ಹಸಿರನ್ನು ಎತ್ತಿಕೊಂಡು ಹಸಿರು ದ್ವೀಪಕ್ಕೆ ಹಾಕಿದರು. ಬಹಳ ದಿನದ ರೂಢಿಯಂತೆ ಇತ್ತು ಅದು. ಮೇಷ್ಟ್ರು ಹಸಿರು ದ್ವೀಪಗಳನ್ನು ಮುಟ್ಟುವುದು ಯಾಕೆ ಅಪರೂಪ ಎಂಬುದರ ಬಗ್ಗೆ ಅವನ ಹತ್ತಿರ ಒಂದು ವಿವರಣೆಯಿತ್ತು. ಹಸಿರು ದ್ವೀಪಗಳು ಹಲಗೆಯ ಅಂಚಿನಲ್ಲಿವೆ. ಜೀವನದಲ್ಲಿ ಎಂದೂ ಅಪಾಯಕ್ಕೆ ಒಡ್ಡಿಕೊಳ್ಳದವರು ಅಂಚನ್ನು ತಪ್ಪಿಸುತ್ತಾರೆ. ಅದನ್ನು ಮೇಷ್ಟ್ರ ಎದುರಿಗೇ ವಿವರಿಸಿದ್ದ, ಉದಾಹರಣೆ ಸಮೇತ, ಅವರ ಕೆಲಸ, ಮದುವೆ ಎಲ್ಲವನ್ನೂ ಎಳೆತಂದು. ಮೇಷ್ಟ್ರು ಒಪ್ಪಿಕೊಂಡಿದ್ದರು. ನಲವತ್ತು ವರ್ಷ ಮಕ್ಕಳಿಗೆ ಬಣ್ಣ ಕಲಿಸಿದ ಮನುಷ್ಯ, ನನಗೀಗ ಹಸಿರೂ ಕಂದೂ ಒಂದೇ ಆಗಿ ಕಾಣುತ್ತವೆ ಎನ್ನುವುದಕ್ಕಿಂತ ಹೇಡಿ ಎನ್ನಿಸಿಕೊಳ್ಳುವುದೇ ವಾಸಿ ಎಂದುಕೊಂಡಿದ್ದರು. ಮೇಡಂಗೆ ಇದು ಗೊತ್ತಿತ್ತು. ಭಾಮೈದನಿಗೂ ಗೊತ್ತಿರಬೇಕು. ಆಟದ ಬಗ್ಗೆ ಒಂದು ನಿಮಿಷವೂ ಯೋಚಿಸದವರಿಗೆ ಗೊತ್ತಿತ್ತು. ಅವನು ಮಾತ್ರ ಇಷ್ಟು ಕಾಲವೂ ಮೇಷ್ಟ್ರ ಎದುರಿಗೇ ಕುಳಿತು ಹಲಗೆಯನ್ನು ನೋಡುತ್ತಿದ್ದ. ಹಲಗೆಯನ್ನು ಬಹಳ ಆಳವಾಗಿ ನೋಡುತ್ತಿದ್ದ.

ಅಂಗಡಿ ತೆರೆಯುವ ಹೊತ್ತಾಗುತ್ತ ಬಂತು. ಮುಂಬಾಗಿಲ ಹೊರಗೆ ಯಾರೋ ಷಟರು ತಟ್ಟಿದರು. "ಬಂದೆ, ಸ್ವಲ್ಪ ಇರಿ," ಎಂದು ಮೇಡಂ ಕೂಗಿ, ಹತಾಶೆಯಿಂದ ಇನ್ನೊಂದು ಸೇತುವೆಯನ್ನು ಇವನ ಮುಂದಿಟ್ಟರು. ಇವನು ಅದನ್ನು ಸುತ್ತಿನೊಳಗೇ ಹಾಕಿದ. ಆಗ ಮೇಷ್ಟ್ರು ಒಂದು ಸಲ ಕೆಮ್ಮಿ, ಕನ್ನಡಕ ಸರಿಮಾಡಿಕೊಂಡು, ಕೈಯಲ್ಲಿದ್ದದ್ದನ್ನು ಮೆಲ್ಲಗೆ ಹಲಗೆಯ ಅಂಚಿನ ದ್ವೀಪಕ್ಕೆ ಹಾಕಿದರು. ಬೆರಳಿನಿಂದ ಎಣಿಸಿದರು. ಇನ್ನೊಂದು ಸಲ ಎಣಿಸಿದರು. "ಏಳು," ಎಂದರು. "ಏಳು ಆಯ್ತಲ್ಲ?"

ಅದು ಹಸಿರು ದ್ವೀಪ. ಹಾಕಿದ್ದು ಕಂದು ಸೇತುವೆ.

ಮೇಡಂ ನೋಡಿದರು. ಭಾಮೈದ ನೋಡಿದ. ಆಮೇಲೆ ಇಬ್ಬರೂ ಅವನ ಕಡೆ ನೋಡಿದರು. ನಿಯಮ ತಪ್ಪಿದರೆ ಸುಮ್ಮನಿರುವ ಜಾತಿ ಅವನದಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಭಾಮೈದನ ಕಣ್ಣಿನಲ್ಲಿ ಬೇಡಿಕೆಯಿತ್ತು. ಮೇಡಂ ಕಣ್ಣಿನಲ್ಲಿ ಇದ್ದದ್ದು ಮಾತ್ರ ಎಚ್ಚರಿಕೆ. ಬಾಯಿಬಿಟ್ಟರೆ ಇನ್ನು ಈ ಕೋಣೆಗೆ ಕಾಲಿಡಬೇಡ ಎನ್ನುವಂಥದ್ದು. ಅವನ ನಾಲಗೆಯ ತುದಿಯಲ್ಲೇ ಇತ್ತು ಮಾತು. ಅವರನ್ನೆಲ್ಲ ಒಂದೇ ಏಟಿಗೆ ಬೆತ್ತಲು ಮಾಡಬಹುದಿತ್ತು. ಇದು ತಪ್ಪು ಬಣ್ಣ, ಇದು ಗೆಲುವಲ್ಲ, ಒಂದು ವರ್ಷದಿಂದ ಇಲ್ಲಿ ಯಾರೂ ಗೆದ್ದಿಲ್ಲ, ಆಟವೇ ನಡೆದಿಲ್ಲ. "ಆಯ್ತು ಮೇಷ್ಟ್ರೇ," ಎಂದ. "ಏಳು ಆಯ್ತು. ಗೆದ್ರಿ."

ಭಾಮೈದ ಉಸಿರು ಬಿಟ್ಟು ತಕ್ಷಣ ಪೆಟ್ಟಿಗೆಗೆ ಕೈ ಹಾಕಿದ. "ಭಾವ, ಇವತ್ತು ಹೊತ್ತಾಯ್ತು, ಕಾಯಿ ಎತ್ತಿಬಿಡೋಣ್ವಾ?" ಎಂದ. "ಎತ್ತು," ಎಂದ ಅವನು. ತನ್ನ ಜೀವಮಾನದ ಅತ್ಯುತ್ತಮ ಆಟ ಹಲಗೆಯ ಮೇಲಿತ್ತು. ಅದನ್ನು ಓದಬಲ್ಲವನು ಅವನೊಬ್ಬನೇ, ಯಾರಿಗೂ ಹೇಳುವಂತಿರಲಿಲ್ಲ. ಹೋಗಲಿ. ಆದರೆ ಮೇಷ್ಟ್ರು ಎರಡೂ ಕೈಗಳನ್ನು ಹಲಗೆಯ ಮೇಲೆ ಅಡ್ಡ ಹಿಡಿದರು.

"ಇರಪ್ಪ, ಇರು. ಎತ್ತಬೇಡ. ಇವರು ಹೇಳಲಿ." ಮುದುಕರ ಮುಖ ಕೆಂಪಾಗಿತ್ತು. "ನೀವು ಹೇಳ್ಬೇಕು. ಮೊದಲೆಲ್ಲ ನಾನು ಯಾಕೆ ಸೋತೆ ಅಂತ ಹೇಳ್ತಿದ್ರಿ. ಇವತ್ತು ಯಾಕೆ ಗೆದ್ದೆ ಅಂತ ಹೇಳಿ. ಬೇರೆಯವರಿಗೆ ಬೇಜಾರು, ನನಗೆ ಗೊತ್ತು. ನಾನು ಮಾತ್ರ ಮನೆಗೆ ಹೋಗಿ ನಿಮ್ಮ ಮಾತನ್ನೆಲ್ಲ ಮೊದಲಿಂದ ನೆನೆಸ್ಕೋತೀನಿ. ಒಂದು ವರ್ಷದಿಂದ ನೀವು ಹೇಳಿದ ಹಾಗೇ ಕಾದೆ. ಕೈ ಬಿಗಿ ಹಿಡಿದು ಕಾದೆ."

ಹಾಗಾದರೆ ಇವರು ಸೇರಿರಲಿಲ್ಲ. ಇವರಿಗೆ ಯಾರೂ ಹೇಳಿಯೇ ಇರಲಿಲ್ಲ. ಅವನ ಮಾತನ್ನು ಕಿವಿಗೊಟ್ಟು ಕೇಳಿದ ಲೋಕದ ಏಕಮಾತ್ರ ಮನುಷ್ಯ ಎದುರಿಗೆ ಕುಳಿತಿದ್ದ, ಮತ್ತು ಆ ಮನುಷ್ಯನಿಗೆ ಹೇಳಬಹುದಾದ ನಿಜ ಒಂದೂ ಇರಲಿಲ್ಲ. ಮೇಡಂ ಷಟರಿನ ಕಡೆ ಹೊರಟವರು ಅರ್ಧದಲ್ಲೇ ನಿಂತರು. ಅವನು ಕುರ್ಚಿಯನ್ನು ಹಲಗೆಯ ಹತ್ತಿರ ಎಳೆದುಕೊಂಡ. "ಮೊದಲಿಂದ ನೋಡೋಣ," ಎಂದ. ಮೇಷ್ಟ್ರು ಎಲ್ಲಿ ಕಾದರು, ಕಾದದ್ದು ಯಾಕೆ ಸರಿ, ತಾನು ಸೇತುವೆ ದಾಟಿಸಿದಾಗ ಅದನ್ನು ಎಷ್ಟು ಜಾಣತನದಿಂದ ಬಳಸಿಕೊಂಡರು ಎಂದು ಒಂದೊಂದಾಗಿ ಹೇಳುತ್ತ ಹೋದ. ಭಾಮೈದ ಕೊಟ್ಟದ್ದನ್ನು ಅವನು ಹೇಳಲಿಲ್ಲ. ಮೇಡಂ ಕೊಟ್ಟದ್ದನ್ನೂ ಹೇಳಲಿಲ್ಲ. ಒಂದೊಂದು ಕೊಡುಗೆಯ ಹತ್ತಿರ ಬಂದಾಗಲೂ ಅದನ್ನು ಹುಷಾರಾಗಿ ದಾಟಿ ಮುಂದಕ್ಕೆ ಹೋದ. ಹಾಗೆ ಮೂರನೆಯ ಸಲ ದಾಟಿದಾಗ ಭಾಮೈದ ಪೆಟ್ಟಿಗೆಯನ್ನು ನೆಲಕ್ಕಿಟ್ಟ. ಮೇಡಂ ಗೋಡೆಯ ಕಡೆ ತಿರುಗಿದರು. ಅವನಿಗೆ ಎಲ್ಲ ಗೊತ್ತು ಎಂದು ಅವರಿಗೆ ಗೊತ್ತಾಯಿತು, ಅದು ಅವನಿಗೂ ಗೊತ್ತಾಯಿತು. ಅದರಲ್ಲಿ ಯಾವ ಸಮಾಧಾನವೂ ಇರಲಿಲ್ಲ. ಅಂಚಿನ ದ್ವೀಪಕ್ಕೆ ಬಂದಾಗ ಅವನ ದನಿ ಒಂದಿಷ್ಟೂ ಅಲುಗಲಿಲ್ಲ. "ಇಲ್ಲಿ ಧೈರ್ಯ ಮಾಡಿದ್ರಿ ಮೇಷ್ಟ್ರೇ. ನಾನು ನಿಮ್ಮ ಬಗ್ಗೆ ಹೇಳಿದ್ದು ತಪ್ಪು. ನಿಮಗೆ ಅಂಚಿನ ಭಯ ಇಲ್ಲ." ಇಷ್ಟು ವರ್ಷ ಕಲಿತದ್ದನ್ನೆಲ್ಲ ಹಾಕಿ ಕಟ್ಟಿದ ಸುಳ್ಳು ಅದು, ಎಲ್ಲೂ ಬಿರುಕಿರಲಿಲ್ಲ. ನಿಜದ ಆಟಗಳನ್ನು ಅವನು ಇಷ್ಟು ಚೆನ್ನಾಗಿ ವಿವರಿಸಿದ್ದೇ ಇಲ್ಲ.

ಮೇಷ್ಟ್ರು ಅಂಚಿನ ಆ ಸೇತುವೆಯನ್ನು ಬೆರಳಿನಿಂದ ಒಮ್ಮೆ ಸವರಿದರು. ಹೊರಗೆ ಮತ್ತೆ ಷಟರು ತಟ್ಟಿದ ಸದ್ದಾಯಿತು. ಆಮೇಲೆ ಅವರು ತಲೆಯೆತ್ತಿ, ನಾಚಿಕೆಯಿಂದ, ದನಿ ತಗ್ಗಿಸಿ ಕೇಳಿದರು: "ನಿಮಗೂ ಹೀಗೇ ಆಗುತ್ತಾ? ಗೆದ್ದಾಗ? ಎದೆ ಇಷ್ಟು ಹಗುರ?"

"ಆಗ್ತಿತ್ತು ಮೇಷ್ಟ್ರೇ," ಎಂದ ಅವನು.